ವೀಸಾ ಮಾರಾಟದ ಸರಕಲ್ಲ

(ಗಲ್ಫ್ ಉದ್ಯೋಗಾಕಾಂಕ್ಷಿ ಯುವಕರು ಮತ್ತು ಅವರ ಹೆತ್ತವರಿಗಾಗಿ ಏರ್ಪಡಿಸಿದ್ದ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಊರುಗಳಲ್ಲಿ ಒಂದು ಮಾತು ಬಹಳ ಸಹಜವಾಗಿ ಕೇಳಿಬರುತ್ತದೆ: "ಹುಡುಗನಿಗೆ ವೀಸಾ ಆಯಿತು." ಕೇಳಿದವರ ಮೊದಲ ಪ್ರಶ್ನೆಯೂ ಅಷ್ಟೇ ಸಹಜವಾದುದು: "ಎಷ್ಟಕ್ಕೆ ಆಯಿತು?" ಒಂದೂವರೆ ಲಕ್ಷವೋ ಎರಡು ಲಕ್ಷವೋ ಎಂಬ ಉತ್ತರ ಬಂದರೆ ಯಾರಿಗೂ ಆಶ್ಚರ್ಯವಾಗುವುದಿಲ್ಲ. ಯಾವ ಕೆಲಸಕ್ಕೆ, ಯಾರ ಕೈಕೆಳಗೆ, ಕರಾರಿನಲ್ಲಿ ಏನು ಬರೆದಿದೆ ಎಂಬ ಪ್ರಶ್ನೆಗಳನ್ನು ಮಾತ್ರ ಹೆಚ್ಚಿನವರು ಕೇಳುವುದೇ ಇಲ್ಲ. ಮೀನಿಗೆ, ಬಟ್ಟೆಗೆ, ಜಾಗಕ್ಕೆ ಬೆಲೆ ಇರುವಂತೆ ವೀಸಾಕ್ಕೂ ಒಂದು ಬೆಲೆ ಇದೆ ಎಂದು ನಾವೆಲ್ಲರೂ ಒಪ್ಪಿಕೊಂಡುಬಿಟ್ಟಿದ್ದೇವೆ. ಈ ಒಪ್ಪಿಗೆಯೇ ತಪ್ಪು ಎಂಬುದನ್ನು ಇಂದು ನಿಮ್ಮ ಮುಂದಿಡಲು ಬಯಸುತ್ತೇವೆ.

ಗಲ್ಫ್ ಉದ್ಯೋಗವನ್ನು ನಾವು ಹಗುರಾಗಿ ಕಾಣುವವರಲ್ಲ. 1973ರ ತೈಲ ಬೆಲೆಯೇರಿಕೆಯ ಬಳಿಕ ಅರಬ್ ರಾಷ್ಟ್ರಗಳಲ್ಲಿ ಕಟ್ಟಡ, ರಸ್ತೆ, ಬಂದರುಗಳ ಕೆಲಸ ಆರಂಭವಾದಾಗ ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಯುವಕರು ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋದರು. ಇಂದು ಆರು ಗಲ್ಫ್ ರಾಷ್ಟ್ರಗಳಲ್ಲಿ ಸುಮಾರು 90 ಲಕ್ಷ ಭಾರತೀಯರಿದ್ದಾರೆ. ಆ ದುಡಿಮೆಯಿಂದ ಮನೆಗಳು ಎದ್ದವು, ಸಹೋದರಿಯರ ಮದುವೆಗಳಾದವು, ಶಾಲೆ-ಕಾಲೇಜುಗಳು ತಲೆಯೆತ್ತಿದವು. ಆದ್ದರಿಂದ "ಹೋಗಬೇಡಿ" ಎನ್ನಲು ನಾವು ಇಲ್ಲಿ ನಿಂತಿಲ್ಲ. ಹೋಗುವವರು ತಲೆಯೆತ್ತಿ, ಸರಿಯಾದ ದಾಖಲೆಯೊಂದಿಗೆ, ಸಾಲವಿಲ್ಲದೆ ಹೋಗಬೇಕು ಎಂಬುದಷ್ಟೇ ನಮ್ಮ ಅಪೇಕ್ಷೆ.

ವೀಸಾ ಹುಟ್ಟುವುದು ಎಲ್ಲಿ?

ಮೊದಲಿಗೆ ಒಂದು ಮೂಲಭೂತ ವಿಷಯವನ್ನು ಸ್ಪಷ್ಟಪಡಿಸಿಕೊಳ್ಳೋಣ. ಉದ್ಯೋಗ ವೀಸಾ ಎಂಬುದು ಕಾರ್ಮಿಕನ ಅರ್ಜಿಯಿಂದ ಹುಟ್ಟುವುದಿಲ್ಲ. ಅಲ್ಲಿಯ ಮಾಲಕನೊಬ್ಬನಿಗೆ ಕೆಲಸಗಾರ ಬೇಕಾದಾಗ ಅವನು ತನ್ನ ದೇಶದ ಕಾರ್ಮಿಕ ಸಚಿವಾಲಯಕ್ಕೆ ಅರ್ಜಿ ಸಲ್ಲಿಸುತ್ತಾನೆ. ಯಾವ ಹುದ್ದೆಗೆ, ಎಷ್ಟು ಜನರನ್ನು ಹೊರದೇಶದಿಂದ ಕರೆಸಬಹುದು ಎಂಬುದನ್ನು ಸಚಿವಾಲಯ ನಿರ್ಧರಿಸುತ್ತದೆ. ಆ ಅನುಮತಿಯ ಬಲದ ಮೇಲೆ ವೀಸಾ ಹೊರಡುತ್ತದೆ. ಇಲ್ಲಿ ವೈದ್ಯಕೀಯ ತಪಾಸಣೆ ಆಗುತ್ತದೆ. ಹಿಂದೆ 'ಗಾಮ್ಕಾ' ಎಂದು ಕರೆಯಲಾಗುತ್ತಿದ್ದ ಈ ವ್ಯವಸ್ಥೆಗೆ ಈಗ 'ವಾಫಿದ್' ಎಂದು ಹೆಸರು. ಕ್ಷಯ, ಎಚ್‌ಐವಿ, ಹೆಪಟೈಟಿಸ್ ಮುಂತಾದವುಗಳ ಪರೀಕ್ಷೆ ಅಲ್ಲಿ ನಡೆಯುತ್ತದೆ.

ವೀಸಾ ಸಿಕ್ಕ ಮಾತ್ರಕ್ಕೆ ಕೆಲಸ ಮಾಡುವ ಅನುಮತಿ ಸಿಕ್ಕಂತಲ್ಲ ಎಂಬುದನ್ನೂ ತಿಳಿದಿರಬೇಕು. ವೀಸಾ ಒಳಪ್ರವೇಶದ ಬಾಗಿಲು ಮಾತ್ರ. ಯುಎಇಗೆ ಹೋದವರ ಕೈಯಲ್ಲಿರುವ ಪ್ರವೇಶ ಪರವಾನಿಗೆಯ ಅವಧಿ 60 ದಿನ. ಅದರೊಳಗೆ ಅಲ್ಲಿ ಮತ್ತೊಮ್ಮೆ ವೈದ್ಯಕೀಯ ಪರೀಕ್ಷೆ, ಬೆರಳಚ್ಚು, ಎಮಿರೇಟ್ಸ್ ಗುರುತಿನ ಚೀಟಿ, ಕೆಲಸದ ಪರವಾನಿಗೆ ಮತ್ತು ವಾಸ್ತವ್ಯದ ಅನುಮತಿ ಆಗಬೇಕು. ಸೌದಿ ಅರೇಬಿಯಾದಲ್ಲಿ ಇದೇ ಸ್ಥಾನದಲ್ಲಿರುವುದು ಇಖಾಮ. ಬಂದಿಳಿದ 90 ದಿನಗಳೊಳಗೆ ಇಖಾಮ ಮಾಡಿಸಿಕೊಡುವುದು ಮಾಲಕನ ಹೊಣೆ. ವೀಸಾದಲ್ಲಿರುವ ಹುದ್ದೆ, ಕರಾರಿನಲ್ಲಿರುವ ಹುದ್ದೆ, ಇಖಾಮದಲ್ಲಿರುವ ಹುದ್ದೆ, ವಾಸ್ತವದಲ್ಲಿ ಮಾಡುವ ಕೆಲಸ - ಈ ನಾಲ್ಕೂ ಒಂದೇ ಆಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಮುಂದಿನ ಸಂಕಟಗಳಿಗೆಲ್ಲ ಅದೇ ಬೀಜವಾಗುತ್ತದೆ.

ಹಾಗಾದರೆ ಇದರ ಖರ್ಚು ಯಾರದು? ಸೌದಿ ಕಾರ್ಮಿಕ ಕಾನೂನಿನ 40ನೇ ವಿಧಿ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ನೇಮಕಾತಿಯ ಶುಲ್ಕ, ಇಖಾಮ ಮತ್ತು ಕೆಲಸದ ಪರವಾನಿಗೆಯ ಶುಲ್ಕ, ಅವುಗಳ ನವೀಕರಣ, ವಿಳಂಬವಾದರೆ ಬೀಳುವ ದಂಡ ಇವೆಲ್ಲವೂ ಮಾಲಕನ ಖರ್ಚು. ಯುಎಇಯಲ್ಲಿ 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಕಾರ್ಮಿಕ ಕಾನೂನು ನೇಮಕಾತಿಯ ಖರ್ಚನ್ನು ನೇರವಾಗಿಯಾಗಲಿ, ಬಳಸುದಾರಿಯಲ್ಲಾಗಲಿ ಕಾರ್ಮಿಕನಿಂದ ವಸೂಲಿ ಮಾಡುವುದನ್ನು ನಿಷೇಧಿಸಿದೆ. ಅಂದರೆ ನಾವು ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತಿರುವ ಈ ಸರಕು ಅಲ್ಲಿಯ ಕಾನೂನಿನ ಪ್ರಕಾರ ಮಾರಾಟಕ್ಕೇ ಇಲ್ಲ!

ನಮ್ಮ ದೇಶದ ಕಾನೂನೂ ಮೌನವಾಗಿಲ್ಲ. 1983ರ ವಲಸೆ ಕಾಯ್ದೆಯಡಿ ನೋಂದಣಿಯಾದ ಏಜೆಂಟರು ಮಾತ್ರ ವಿದೇಶಕ್ಕೆ ಜನರನ್ನು ನೇಮಿಸಬಹುದು. ಅವರು ಸರಕಾರದಲ್ಲಿ 50 ಲಕ್ಷ ರೂಪಾಯಿಯ ಬ್ಯಾಂಕ್ ಖಾತರಿ ಇಡಬೇಕು. ಸಣ್ಣ ಪ್ರಮಾಣದ ಏಜೆಂಟರಿಗೆ ಇದು 8 ಲಕ್ಷ. ಅಭ್ಯರ್ಥಿಯಿಂದ ಅವರು ಪಡೆಯಬಹುದಾದ ಸೇವಾ ಶುಲ್ಕದ ಗರಿಷ್ಠ ಮಿತಿಯನ್ನು 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ಎಂದು ನಿಗದಿಪಡಿಸಲಾಗಿದೆ. ಅದಕ್ಕೂ ರಶೀದಿ ಕೊಡಬೇಕು. ಏಜೆಂಟನ ಕೈಕೆಳಗಿನ ಉಪ ಏಜೆಂಟನಿಗೆ ಕಾನೂನಿನಲ್ಲಿ ಸ್ಥಾನವೇ ಇಲ್ಲ. ಆದರೆ ನಮ್ಮ ಪೇಟೆಗಳಲ್ಲಿ ವೀಸಾ ವ್ಯವಹಾರ ನಡೆಸುವವರಲ್ಲಿ ನೋಂದಣಿ ಸಂಖ್ಯೆ ತೋರಿಸಬಲ್ಲವರು ಎಷ್ಟು ಮಂದಿ? ರಶೀದಿ ಕೇಳಿದರೆ, "ನಮ್ಮ ಮೇಲೆ ನಂಬಿಕೆ ಇಲ್ಲವೇ?" ಎಂದು ಮುನಿಸಿಕೊಳ್ಳುವವರೇ ಹೆಚ್ಚು.

'ಫ್ರೀ ವೀಸಾ' ಎಂಬ ದುಬಾರಿ ಬಲೆ

ಈ ವ್ಯಾಪಾರದಲ್ಲಿ ಅತ್ಯಂತ ಆಕರ್ಷಕವಾದ ಹೆಸರು 'ಫ್ರೀ ವೀಸಾ' ಅಥವಾ 'ಆಝಾದ್ ವೀಸಾ'. ಅದು ಉಚಿತವೂ ಅಲ್ಲ, ಸ್ವತಂತ್ರವೂ ಅಲ್ಲ. ಯಾವುದೇ ಗಲ್ಫ್ ರಾಷ್ಟ್ರದ ಕಾನೂನಿನಲ್ಲಿ ಈ ಹೆಸರಿನ ವೀಸಾ ಇಲ್ಲ. ಕಫೀಲನೊಬ್ಬ ತನಗೆ ಕೆಲಸಗಾರನ ಅಗತ್ಯವಿಲ್ಲದಿದ್ದರೂ ತನ್ನ ಹೆಸರಿನಲ್ಲಿ ವೀಸಾ ತೆಗೆಸಿ ಮಾರುತ್ತಾನೆ. ಕೊಂಡವನು ಅಲ್ಲಿಗೆ ಹೋಗಿ ಬೇರೆಲ್ಲೋ ಕೆಲಸ ಹುಡುಕಿಕೊಳ್ಳಬೇಕು. ಹೆಚ್ಚಾಗಿ ಇದು 'ಮನೆ ಡ್ರೈವರ್' ವೀಸಾ ಆಗಿರುತ್ತದೆ. ಇಖಾಮದಲ್ಲಿ ಮನೆ ಡ್ರೈವರ್, ದುಡಿಯುವುದು ಕಿರಾಣಿ ಅಂಗಡಿಯಲ್ಲಿ ಅಥವಾ ಹೊಟೇಲಿನಲ್ಲಿ.

ಲೆಕ್ಕಕ್ಕಾಗಿ ಹೀಗೆ ಭಾವಿಸೋಣ. ಹುಡುಗನೊಬ್ಬ ಎರಡು ಲಕ್ಷ ಸಾಲ ಮಾಡಿ ಇಂತಹ ವೀಸಾ ಕೊಂಡ. ಹೊರಗೆ ದುಡಿಯಲು ಬಿಟ್ಟದ್ದಕ್ಕಾಗಿ ಕಫೀಲನಿಗೆ ತಿಂಗಳಿಗೆ 300 ರಿಯಾಲ್ ಕೊಡಬೇಕು. ಎರಡು ವರ್ಷಕ್ಕೆ ಅದುವೇ 7,200 ರಿಯಾಲ್. ಇಖಾಮ ನವೀಕರಣದ ಹಣವೂ ಅವನದೇ. ಕೋಣೆಯ ಬಾಡಿಗೆ, ಊಟ, ಕೆಲಸವಿಲ್ಲದ ತಿಂಗಳುಗಳ ಖರ್ಚು ಎಲ್ಲವೂ ಅವನದೇ. ಊರಿಗೆ ಕಳುಹಿಸುವ ಹಣ ಮೊದಲು ಸಾಲದ ಬಾಯಿಗೆ ಹೋಗುತ್ತದೆ. ಅಡವಿಟ್ಟ ಬಳೆ ಬಿಡಿಸಿಕೊಳ್ಳುವ ಹೊತ್ತಿಗೆ ವೀಸಾದ ಅವಧಿಯೇ ಮುಗಿಯುತ್ತದೆ.

ಹಣದ ನಷ್ಟಕ್ಕಿಂತಲೂ ದೊಡ್ಡದಾದ ನಷ್ಟ ಇನ್ನೊಂದಿದೆ. ಕಳೆದ ಕೆಲವು ವರ್ಷಗಳಲ್ಲಿ ಗಲ್ಫ್ ರಾಷ್ಟ್ರಗಳ ಕಾನೂನುಗಳು ಕಾರ್ಮಿಕನ ಪರವಾಗಿ ಒಂದಿಷ್ಟು ಬದಲಾಗಿವೆ. ಕತಾರ್ 2020ರ ಸೆಪ್ಟೆಂಬರಿನಲ್ಲಿ, ಕೆಲಸ ಬದಲಾಯಿಸಲು ಮಾಲಕನ ನಿರಾಕ್ಷೇಪಣಾ ಪತ್ರ ಬೇಕೆಂಬ ನಿಯಮವನ್ನು ತೆಗೆದುಹಾಕಿತು. 2021ರ ಮಾರ್ಚ್‌ನಿಂದ ಅಲ್ಲಿ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಮೂಲವೇತನ ಜಾರಿಗೆ ಬಂತು. ಸೌದಿ ಅರೇಬಿಯಾ 2021ರ ಮಾರ್ಚ್ 14ರಿಂದ, ಕೆಲವು ಷರತ್ತುಗಳಿಗೆ ಒಳಪಟ್ಟು, ಒಂದು ವರ್ಷ ದುಡಿದ ಕಾರ್ಮಿಕನಿಗೆ ಮಾಲಕನ ಒಪ್ಪಿಗೆಯಿಲ್ಲದೆಯೇ ಕೆಲಸ ಬದಲಿಸುವ ಅವಕಾಶ ಕೊಟ್ಟಿತು. ವೇತನ ಬ್ಯಾಂಕಿನ ಮೂಲಕವೇ ಪಾವತಿಯಾಗಬೇಕೆಂಬ ವ್ಯವಸ್ಥೆ ಯುಎಇಯಲ್ಲಿ 2009ರಲ್ಲಿ ಆರಂಭವಾಗಿ ಇತರ ರಾಷ್ಟ್ರಗಳಿಗೂ ಹರಡಿತು. ಇವು ಪರಿಪೂರ್ಣವೆಂದು ನಾವು ಹೇಳುವುದಿಲ್ಲ. ಆದರೂ ನ್ಯಾಯ ಕೇಳಲು ಒಂದು ಬಾಗಿಲು ತೆರೆದಿದೆ ಎಂಬುದು ನಿಜ.

ಆದರೆ ಆಝಾದ್ ವೀಸಾದವನು ಆ ಬಾಗಿಲಿನ ಬಳಿಗೂ ಹೋಗಲಾರ! ಅಂಗಡಿಯ ಮಾಲಕ ಸಂಬಳ ಕೊಡದಿದ್ದರೆ ಅವನು ದೂರು ಕೊಡುವುದು ಹೇಗೆ? ದಾಖಲೆಯ ಪ್ರಕಾರ ಅವನು ಆ ಅಂಗಡಿಯ ನೌಕರನೇ ಅಲ್ಲ. ದಾಖಲೆಯಲ್ಲಿ ಅವನು ಮನೆ ಡ್ರೈವರ್. ಮನೆಗೆಲಸದವರು ಮತ್ತು ಮನೆ ಡ್ರೈವರುಗಳು 2021ರ ಆ ಸುಧಾರಣೆಯ ವ್ಯಾಪ್ತಿಗೇ ಬರುವುದಿಲ್ಲ. ಸ್ವಂತ ಮಾಲಕನನ್ನು ಬಿಟ್ಟು ಬೇರೆಯವರಲ್ಲಿ ದುಡಿಯುವುದನ್ನು ಸೌದಿ ಕಾನೂನಿನ 39ನೇ ವಿಧಿ ನಿಷೇಧಿಸುತ್ತದೆ. ಹೀಗಾಗಿ ದೂರು ಕೊಡಲು ಹೋದವನೇ ತಪ್ಪಿತಸ್ಥನಾಗುತ್ತಾನೆ. ಕಫೀಲ ಸಿಟ್ಟಾದರೆ 'ಹುರೂಬ್' ದಾಖಲಿಸುತ್ತಾನೆ, ಅಂದರೆ ಓಡಿಹೋದವನೆಂದು ವರದಿ ಮಾಡುತ್ತಾನೆ. ಅಲ್ಲಿಗೆ ಆತ ಕಾನೂನುಬಾಹಿರ ನಿವಾಸಿ. ಎರಡು ಲಕ್ಷ ಕೊಟ್ಟು ಆ ಹುಡುಗ ಕೊಂಡುಕೊಂಡದ್ದು ತನ್ನ ಬಾಯಿಗೆ ತಾನೇ ಹಾಕಿಕೊಂಡ ಬೀಗವನ್ನು.

ಇದು ಕಲ್ಪನೆಯ ಭಯವಲ್ಲ. 2011ರಲ್ಲಿ ಸೌದಿ ಸರಕಾರ 'ನಿತಾಖಾತ್' ನೀತಿಯನ್ನು ತಂದಿತು. 2013ರಲ್ಲಿ ದಾಖಲೆ ಸರಿಪಡಿಸಿಕೊಳ್ಳಲು ನವೆಂಬರ್ 3ರ ತನಕ ಕಾಲಾವಕಾಶ ಕೊಟ್ಟಿತು. ಆಗ ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಊರಿಗೆ ಮರಳಬೇಕಾಯಿತು. ಯುಎಇಯಲ್ಲಿ 2024ರ ಸೆಪ್ಟೆಂಬರಿನಿಂದ ಡಿಸೆಂಬರ್ ಕೊನೆಯವರೆಗೆ ಕ್ಷಮಾದಾನ ಘೋಷಿಸಿದಾಗ ಕಚೇರಿಗಳ ಮುಂದೆ ಸಾಲುನಿಂತವರಲ್ಲಿಯೂ ನಮ್ಮ ದೇಶದವರಿದ್ದರು.

ಸಂದರ್ಶಕ ವೀಸಾದ ಕುರಿತೂ ಎರಡು ಮಾತು ಹೇಳಬೇಕು. "ಮೊದಲು ವಿಸಿಟ್‌ನಲ್ಲಿ ಹೋಗು, ಆಮೇಲೆ ನೋಡೋಣ" ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಸಂದರ್ಶಕ ವೀಸಾದಲ್ಲಿ ದುಡಿಯುವುದು ಅಪರಾಧ. ಪರವಾನಿಗೆಯಿಲ್ಲದೆ ದುಡಿಸುವ ಮಾಲಕನಿಗೆ ಯುಎಇಯಲ್ಲಿ 2024ರ ತಿದ್ದುಪಡಿಯ ಬಳಿಕ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡವಿದೆ. ಅವಧಿ ಮೀರಿ ಉಳಿದವನಿಗೆ ದಿನಕ್ಕೆ 50 ದಿರ್ಹಮ್ ದಂಡ. ಪದವೀಧರರು ಮತ್ತು ಕುಶಲ ವೃತ್ತಿಯವರಿಗಾಗಿ ಉದ್ಯೋಗ ಅನ್ವೇಷಣೆಯ ಪ್ರತ್ಯೇಕ ವೀಸಾವನ್ನು ಯುಎಇ 2022ರಲ್ಲಿ ಆರಂಭಿಸಿದೆ. ಅರ್ಹತೆಯುಳ್ಳವರು ಆ ದಾರಿಯನ್ನು ಹಿಡಿಯಬೇಕು. ಇನ್ನು, ಉಮ್ರಾಕ್ಕೆಂದು ವೀಸಾ ಪಡೆದು ಕೆಲಸಕ್ಕೆ ನಿಲ್ಲುವುದು ಕಾನೂನಿನ ಉಲ್ಲಂಘನೆ. ಅದಕ್ಕಿಂತಲೂ ಮಿಗಿಲಾಗಿ ಆರಾಧನೆಯ ಹೆಸರಿನಲ್ಲಿ ಹೇಳುವ ಸುಳ್ಳು.

ಇಂದು ಬಲೆಗಳು ಗಲ್ಫ್‌ಗೆ ಮಾತ್ರ ಸೀಮಿತವಾಗಿಲ್ಲ. 2022ರಿಂದೀಚೆಗೆ ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸವೆಂದು ಕರೆದೊಯ್ದು ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ಗಳ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕಿದ ಪ್ರಕರಣಗಳು ನಡೆದಿವೆ. 2024ರ ಆರಂಭದಲ್ಲಿ, ಉದ್ಯೋಗದ ಆಸೆಯಿಂದ ರಷ್ಯಾಕ್ಕೆ ಹೋದ ಕಲಬುರಗಿ ಜಿಲ್ಲೆಯ ಯುವಕರು ಯುದ್ಧಭೂಮಿಯಲ್ಲಿ ಸಿಲುಕಿದ ಸುದ್ದಿ ಬಂತು. ತಿಂಗಳುಗಟ್ಟಲೆ ಹೆತ್ತವರನ್ನು ಕಣ್ಣೀರಿನಲ್ಲಿ ಕೈತೊಳೆಯಿಸಿ ಅವರು ಮರಳಿದರು. ಮರಳಲಾಗದವರೂ ಇದ್ದಾರೆ.

ಹೊರಡುವ ಮುನ್ನ

ಹಾಗಾದರೆ ಮಾಡಬೇಕಾದುದೇನು? ಏಜೆಂಟನ ಹೆಸರು, ನೋಂದಣಿ ಸಂಖ್ಯೆಗಳನ್ನು ವಿದೇಶಾಂಗ ಸಚಿವಾಲಯದ 'ಇ-ಮೈಗ್ರೇಟ್' ತಾಣದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಹತ್ತು ನಿಮಿಷದ ಕೆಲಸ. ಹತ್ತನೇ ತರಗತಿ ತೇರ್ಗಡೆಯಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ 'ಇಸಿಆರ್' ವರ್ಗಕ್ಕೆ ಸೇರುತ್ತದೆ. ಅಂತಹವರು ಗಲ್ಫ್ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ವಲಸೆ ಸಂರಕ್ಷಕರ ಅನುಮತಿ ಪಡೆಯಬೇಕು. ಬೆಂಗಳೂರಿನಲ್ಲಿಯೂ ಆ ಕಚೇರಿ ಇದೆ. ಅನೇಕರು ಇದನ್ನು ಕಿರುಕುಳವೆಂದು ಭಾವಿಸಿ ಅಡ್ಡದಾರಿ ಹುಡುಕುತ್ತಾರೆ. ಆದರೆ ಮಾಲಕ ಯಾರು, ಸಂಬಳ ಎಷ್ಟು, ಕರಾರು ಏನು ಎಂದು ಸರಕಾರ ಒಮ್ಮೆಯಾದರೂ ಕಣ್ಣಾಡಿಸುವುದು ಇಲ್ಲಿಯೇ. ಹತ್ತನೇ ತರಗತಿ ದಾಟಿದವರಿಗೆ ಈ ತಪಾಸಣೆ ಇಲ್ಲ. ಆದ್ದರಿಂದ ಅವರು ತಮ್ಮ ಕರಾರನ್ನು ಇನ್ನಷ್ಟು ಎಚ್ಚರದಿಂದ ತಾವೇ ಓದಬೇಕು.

ಈ ಅನುಮತಿಯ ಜೊತೆಗೆ 'ಪ್ರವಾಸಿ ಭಾರತೀಯ ಬಿಮಾ ಯೋಜನೆ' ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು, ತೆರಿಗೆ ಬೇರೆ. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಸಂಭವಿಸಿದರೆ 10 ಲಕ್ಷ ರೂಪಾಯಿಯ ರಕ್ಷಣೆ. ವೀಸಾಕ್ಕೆ ಎರಡು ಲಕ್ಷ ಸುರಿಯುವ ಕುಟುಂಬ ಈ ವಿಮೆಯ ಪತ್ರ ಮನೆಯಲ್ಲಿ ಎಲ್ಲಿದೆ ಎಂದು ತಿಳಿಯದಿರುವುದು ಖೇದಕರ.

ಕರಾರು ಪತ್ರದಲ್ಲಿ ಮೂಲವೇತನ ಎಷ್ಟು, ಭತ್ಯೆ ಎಷ್ಟು, ದುಡಿಮೆಯ ಗಂಟೆಗಳು, ವಾರದ ರಜೆ, ವಸತಿ, ಚಿಕಿತ್ಸೆ, ಹಿಂದಿರುಗುವ ಟಿಕೆಟು ಯಾರದು ಎಂಬುದನ್ನು ಒಂದೊಂದಾಗಿ ನೋಡಿ. ವಸತಿಯ ವಿಷಯ ಸಣ್ಣದಲ್ಲ. 2024ರ ಜೂನ್ 12ರಂದು ಕುವೈಟಿನ ಮಂಗಫ್‌ನಲ್ಲಿ ಕಾರ್ಮಿಕರು ತುಂಬಿದ್ದ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ಮಡಿದರು. ಯುಎಇಯಲ್ಲಿ ಅರಬಿ ಮತ್ತು ಇಂಗ್ಲಿಷಿನ ಜೊತೆಗೆ ಕಾರ್ಮಿಕನ ಭಾಷೆಯಲ್ಲಿಯೂ ಕರಾರನ್ನು ಕೊಡುವ ಕ್ರಮ 2016ರಲ್ಲಿ ಆರಂಭವಾದಾಗ ಆ ಪಟ್ಟಿಯಲ್ಲಿ ಉರ್ದು, ಹಿಂದಿ, ಮಲಯಾಳಂ, ತಮಿಳು ಇದ್ದವು, ಕನ್ನಡವಿರಲಿಲ್ಲ. ಕನ್ನಡ ಮಾತ್ರ ಬಲ್ಲವನಿಗೆ ಊರಿನಲ್ಲಿಯೇ ಯಾರಾದರೂ ಓದಿ ಹೇಳಬೇಕು. ಕತಾರ್‌ಗೆ ಹೋಗುವವರಿಗೆ ವೈದ್ಯಕೀಯ ಪರೀಕ್ಷೆ, ಬೆರಳಚ್ಚು ಮತ್ತು ಕರಾರಿಗೆ ಸಹಿ ಹಾಕುವ ಕೆಲಸ ಭಾರತದಲ್ಲಿರುವ ಕತಾರ್ ವೀಸಾ ಕೇಂದ್ರಗಳಲ್ಲಿಯೇ ನಡೆಯುತ್ತದೆ. ಇಲ್ಲಿ ಒಂದು ಕರಾರು, ಅಲ್ಲಿ ಇಳಿದ ಮೇಲೆ ಇನ್ನೊಂದು ಎಂಬ ಮೋಸಕ್ಕೆ ಇದರಿಂದ ತಡೆ ಬಿದ್ದಿದೆ.

ಪಾಸ್‌ಪೋರ್ಟ್, ವೀಸಾ, ಕರಾರು, ವಿಮೆ ಇವುಗಳ ಪ್ರತಿ ಮನೆಯಲ್ಲಿ ಇರಲಿ. ತಾಯಿ ಅಥವಾ ಪತ್ನಿಗೆ ಮಾಲಕನ ಹೆಸರು, ವಿಳಾಸ ತಿಳಿದಿರಲಿ. ಸಹೋದರಿಯರೇ, ಈ ಮಾತು ವಿಶೇಷವಾಗಿ ನಿಮಗಾಗಿ. ಅಡವು ಹೋಗುವುದು ನಿಮ್ಮ ಒಡವೆ. ಅವನು ಎಲ್ಲಿ, ಯಾರಲ್ಲಿ ದುಡಿಯುತ್ತಾನೆ ಎಂದು ಕೇಳುವ ಹಕ್ಕು ಮೊದಲು ನಿಮಗಿದೆ.

ಮಾರುವವನು ನಮ್ಮವನೇ

ಇನ್ನು ಸ್ವಲ್ಪ ಕಹಿಯಾದ ಮಾತು. ವೀಸಾ ಮಾರುವವನು ಎಲ್ಲಿಂದಲೋ ಬಂದ ಅಪರಿಚಿತನಲ್ಲ. ಎಷ್ಟೋ ಬಾರಿ ಅವನು ನಮ್ಮದೇ ಸಂಬಂಧಿಕ, ನೆರೆಯವ, ಮಸೀದಿಯಲ್ಲಿ ಪಕ್ಕದ ಸಫ್ಫಿನಲ್ಲಿ ನಿಲ್ಲುವವ. ಅಲ್ಲಿ ಕಫೀಲನಿಂದ ಅಗ್ಗಕ್ಕೆ ಪಡೆದುದನ್ನು ಇಲ್ಲಿ ದುಬಾರಿಗೆ ಕೊಟ್ಟು, "ಉಪಕಾರ ಮಾಡಿದೆ" ಎನ್ನುತ್ತಾನೆ. ಕೊಂಡವನೂ ಕೃತಜ್ಞನಾಗಿರುತ್ತಾನೆ. ನಾಳೆ ಮೋಸವಾದರೆ ಕುಟುಂಬದ ಮಾನಕ್ಕೆ ಅಂಜಿ ಬಾಯಿ ಮುಚ್ಚಿಕೊಳ್ಳುತ್ತಾನೆ. ಒಂದು ಪೈಸೆ ಮುಟ್ಟದೆ ನೂರಾರು ಹುಡುಗರನ್ನು ದಡ ಸೇರಿಸಿದ ಸಹೃದಯರೂ ನಮ್ಮಲ್ಲಿದ್ದಾರೆ, ಅವರನ್ನು ನೆನೆಯೋಣ. ಆದರೆ ಸಹೋದರನ ಅಗತ್ಯವನ್ನೇ ಬಂಡವಾಳ ಮಾಡಿಕೊಳ್ಳುವುದು ವ್ಯಾಪಾರವಲ್ಲ, ಶೋಷಣೆ. ಬಡ್ಡಿಯ ವಿರುದ್ಧ ಗಂಟೆಗಟ್ಟಲೆ ಮಾತನಾಡುವ ನಾವು, ಯುವಕರನ್ನು ಬಡ್ಡಿಯ ಸಾಲಕ್ಕೆ ತಳ್ಳುವ ಈ ದಂಧೆಯ ಬಗ್ಗೆ ಏಕೆ ಮೌನವಾಗಿದ್ದೇವೆ?

ವ್ಯವಹಾರವನ್ನು ಬರೆದಿಡಿರಿ, ಸಾಕ್ಷಿಗಳಿರಲಿ ಎಂಬ ಆದೇಶ ಬಂದಿರುವುದು ಕುರ್‌ಆನಿನ ಅತ್ಯಂತ ದೀರ್ಘ ವಚನದಲ್ಲಿ. ಪರಸ್ಪರ ನಂಬಿಕೆ ಇದ್ದ ಸಮಾಜಕ್ಕೇ ಈ ಆದೇಶ ಬಂದಿತ್ತು ಎಂಬುದನ್ನು ಮರೆಯಬಾರದು. ಬರೆದಿಡುವುದು ಅಪನಂಬಿಕೆಯ ಲಕ್ಷಣವಲ್ಲ, ನಂಬಿಕೆಯನ್ನು ಕಾಯುವ ಬೇಲಿ.

ಮದುವೆಯ ಮಾತುಕತೆಗೂ ವೀಸಾ ಬಂದು ಕುಳಿತಿದೆ. ವರದಕ್ಷಿಣೆ ಬೇಡವೆಂದು ಬಾಯಿಯಲ್ಲಿ ಹೇಳಿ, "ಹುಡುಗನಿಗೆ ಒಂದು ವೀಸಾ ಮಾಡಿಸಿಕೊಡಿ" ಎನ್ನುವವರಿದ್ದಾರೆ. ಇದು ವರದಕ್ಷಿಣೆಯೇ ಹೊರತು ಬೇರೇನೂ ಅಲ್ಲ. ಹೆಣ್ಣಿನ ತಂದೆ ಸಾಲ ಮಾಡಿ ಕೊಡಿಸಿದ ವೀಸಾ ಕೆಟ್ಟರೆ ಅದರ ಹೊರೆ ಬೀಳುವುದು ಅದೇ ಹೆಣ್ಣಿನ ಮೇಲೆ.

ಸರಕಾರದ ಹೊಣೆಯನ್ನೂ ಇಲ್ಲಿ ಹೇಳದಿರಲಾಗದು. 2022ರಲ್ಲಿ ವಿದೇಶಗಳಿಂದ ಭಾರತಕ್ಕೆ ಬಂದ ಹಣ 100 ಶತಕೋಟಿ ಡಾಲರ್ ದಾಟಿತು. ಈ ಹಣವನ್ನು ಹೆಮ್ಮೆಯಿಂದ ಎಣಿಸುವ ಸರಕಾರ, ಅದನ್ನು ಕಳುಹಿಸಿದವನ ರಕ್ಷಣೆಗೆ ಅಷ್ಟೇ ಉತ್ಸಾಹ ತೋರಿದೆಯೇ? 1983ರ ಕಾಯ್ದೆಯ ಬದಲಿಗೆ ಹೊಸ ಕಾನೂನು ತರಲು 2019, 2021 ಮತ್ತು 2025ರಲ್ಲಿ ಕರಡುಗಳು ಪ್ರಕಟವಾದವು. ಕರಡುಗಳಿಂದ ಕಾರ್ಮಿಕನ ಹೊಟ್ಟೆ ತುಂಬದು. 30 ವರ್ಷದೊಳಗಿನ ಇಸಿಆರ್ ವರ್ಗದ ಮಹಿಳೆಯರಿಗೆ ಆ 18 ದೇಶಗಳಿಗೆ ಅನುಮತಿಯಿಲ್ಲ ಎಂಬ ನಿಯಮವಿದೆ. ಆದರೂ ಬಡ ಹೆಣ್ಣುಮಕ್ಕಳನ್ನು ಸಂದರ್ಶಕ ವೀಸಾದಲ್ಲಿ ಸಾಗಿಸುವ ದಂಧೆ ನಿಂತಿಲ್ಲ. ಕೇರಳ 1996ರಲ್ಲಿಯೇ ಅನಿವಾಸಿಗಳಿಗಾಗಿ 'ನೋರ್ಕಾ' ಇಲಾಖೆಯನ್ನು ತೆರೆಯಿತು. ಅಂತಹ ಬಲವಾದ ವ್ಯವಸ್ಥೆ ನಮ್ಮ ರಾಜ್ಯಕ್ಕೂ ಬೇಕೆಂದು ನಮ್ಮ ಪ್ರತಿನಿಧಿಗಳನ್ನು ಕೇಳುವ ಹಕ್ಕು ನಮಗಿದೆ. ಚುನಾವಣೆಯ ಸಮಯದಲ್ಲಿ ಗಲ್ಫ್‌ಗೆ ಬಂದು ಸನ್ಮಾನ ಸ್ವೀಕರಿಸುವವರಿಗೆ ಇದನ್ನು ನೆನಪಿಸಬೇಕು.

ಆದರೆ ಸರಕಾರ ಎಚ್ಚರಗೊಳ್ಳುವ ತನಕ ಕಾಯಬೇಕಾಗಿಲ್ಲ. ಪ್ರತಿಯೊಂದು ಜಮಾಅತಿನಲ್ಲಿ ಇಂಗ್ಲಿಷ್, ಅರಬಿ ಬಲ್ಲ ಇಬ್ಬರು, ಗಲ್ಫ್‌ನಿಂದ ಮರಳಿದ ಅನುಭವಸ್ಥರೊಬ್ಬರು ಸೇರಿ ವಾರಕ್ಕೆ ಒಂದು ಗಂಟೆ ಕುಳಿತರೆ ಸಾಕು. ಹೊರಡುವ ಪ್ರತಿಯೊಬ್ಬ ಹುಡುಗನ ಕರಾರನ್ನು ಅವರು ಓದಲಿ, ಏಜೆಂಟನ ನೋಂದಣಿಯನ್ನು ಪರಿಶೀಲಿಸಲಿ. ಇದಕ್ಕೆ ಕಟ್ಟಡ ಬೇಕಿಲ್ಲ, ನಿಧಿ ಬೇಕಿಲ್ಲ. ವೀಸಾ ಮಾರುವವನಿಗೆ ವೇದಿಕೆಯಲ್ಲಿ ಶಾಲು ಹೊದಿಸುವುದನ್ನು ನಿಲ್ಲಿಸುವ ಧೈರ್ಯವೊಂದಿದ್ದರೆ ಸಾಕು.

ಯುವ ಮಿತ್ರರೇ, ನಿಮ್ಮ ಕೈಯಲ್ಲಿ ಕಸುಬಿದೆ, ತೋಳಿನಲ್ಲಿ ಶಕ್ತಿ ಇದೆ. ಅದು ಬೇಕಾಗಿರುವುದು ಮಾಲಕನಿಗೆ, ಆದ್ದರಿಂದ ವೀಸಾದ ಖರ್ಚು ಅವನದು. ದುಡಿಯಲು ಹೋಗುವವನು ದುಡಿಮೆಗೆ ಮೊದಲೇ ಕಪ್ಪ ಕೊಡಬೇಕಾಗಿಲ್ಲ. ಕರಾರು ಓದದೆ ಸಹಿ ಹಾಕಬೇಡಿ, ರಶೀದಿಯಿಲ್ಲದೆ ಹಣ ಕೊಡಬೇಡಿ, ದಾಖಲೆಯಲ್ಲಿ ಇಲ್ಲದ ಕೆಲಸಕ್ಕೆ ವಿಮಾನ ಹತ್ತಬೇಡಿ.

ಇಷ್ಟು ಹೇಳಿ ನಮ್ಮ ಮಾತನ್ನು ಮುಗಿಸುತ್ತೇವೆ.